ಬಿಸಿಬಿಎಯಿಂದ ಕ್ಲಿನಿಕಲ್ ಡೈರೆಕ್ಟರ್ ಕುರ್ಚಿವರೆಗೆ: ಪ್ಯಾಕೇಜಿನಲ್ಲಿ ಏನಿದೆ, ಏನಿಲ್ಲ

ಆನ್ವಯಿಕ ವರ್ತನಾ ವಿಶ್ಲೇಷಣೆ, ಅಂದರೆ ಎಬಿಎ: ಹೆಚ್ಚಾಗಿ ಆಟಿಸಂ ಇರುವ ಮಕ್ಕಳಿಗೆ ಕೌಶಲ ಕಲಿಸಲು, ತೊಂದರೆಯ ವರ್ತನೆ ತಗ್ಗಿಸಲು ಬಳಸುವ ಥೆರಪಿ. ಈ ಕ್ಷೇತ್ರದಲ್ಲಿ ಮಗುವಿನ ಎದುರು ಕೂತು ಥೆರಪಿ ಕೊಡುವ ಕೆಲಸದಿಂದ ಇಡೀ ಕ್ಲಿನಿಕ್ಕಿನ ಗುಣಮಟ್ಟಕ್ಕೆ ಹೊಣೆ ಹೊರುವ ಕೆಲಸಕ್ಕೆ ಏರಬೇಕು ಎನ್ನುವವರು ಅಮೆರಿಕದಲ್ಲಿ ಮೂರು ಸರಕು ಕೊಳ್ಳುತ್ತಾರೆ. ಒಂದು, ಬಿಹೇವಿಯರ್ ಅನಾಲಿಸ್ಟ್ ಸರ್ಟಿಫಿಕೇಷನ್ ಬೋರ್ಡ್ ಕೊಡುವ ಬಿಸಿಬಿಎ (ಬೋರ್ಡ್ ಸರ್ಟಿಫೈಡ್ ಬಿಹೇವಿಯರ್ ಅನಾಲಿಸ್ಟ್) ಪ್ರಮಾಣಪತ್ರ. ಎರಡು, ಸೂಪರ್‌ವೈಸರ್ ಆಗಲು ಕಡ್ಡಾಯವಾಗಿರುವ ಎಂಟು ಗಂಟೆಯ ತರಬೇತಿ. ಮೂರು, ಥೆರಪಿ ಕಂಪನಿಗಳು ಕೆಲಸದ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುವ ‘ಲೀಡರ್‌ಶಿಪ್ ಟ್ರ್ಯಾಕ್’.

ತೀರ್ಪು ಮೊದಲೇ ಹೇಳಿಬಿಡೋಣ. ಮೊದಲನೆಯದು ಗಟ್ಟಿ ಮಾಲು, ಆದರೆ ನಾಯಕತ್ವದ ಮಟ್ಟಿಗೆ ಅಳತೆ ಚಿಕ್ಕದು. ಎರಡನೆಯದು ಗೇಟ್ ಪಾಸ್ ಅಷ್ಟೇ. ಮೂರನೆಯದು ಕಂಪನಿಯಿಂದ ಕಂಪನಿಗೆ ಬೇರೆ. ಅಸಲಿಯೋ ಬರೀ ಹೆಸರೋ ತಿಳಿಯಲು ಒಂದು ಪ್ರಶ್ನೆ ಸಾಕು: ಈ ಹುದ್ದೆಗೆ ಬಂದರೆ ವಾರದ ಬಿಲ್ಲಿಂಗ್ ಗುರಿಯಲ್ಲಿ, ಅಂದರೆ ವಿಮೆಗೆ ಬಿಲ್ ಮಾಡಬೇಕಾದ ಗಂಟೆಗಳಲ್ಲಿ, ಎಷ್ಟು ಕಡಿಮೆ ಮಾಡುತ್ತೀರಿ?

ಅರ್ಜಿ ಹಾಕುವ ಮುನ್ನ ಒಂದು ವಿಷಯ ಗೊತ್ತಿರಲಿ. 2023ರ ಜನವರಿ 1ರಿಂದ ಬೋರ್ಡ್ ಕೆಲವೇ ದೇಶಗಳ ನಿವಾಸಿಗಳಿಂದ ಹೊಸ ಅರ್ಜಿ ತೆಗೆದುಕೊಳ್ಳುತ್ತಿದೆ. ಅಮೆರಿಕ ಆ ಪಟ್ಟಿಯಲ್ಲಿದೆ, ಭಾರತ ಇಲ್ಲ. ಊರಿನಲ್ಲೇ ಕೂತು ಆನ್‌ಲೈನ್ ಕೋರ್ಸ್ ಮುಗಿಸಿದರೆ ಜ್ಞಾನ ಸಿಗುತ್ತದೆ, ಪರೀಕ್ಷೆಗೆ ಕೂರುವ ಅರ್ಹತೆ ಸಿಗುವುದಿಲ್ಲ. ಈ ಸಾಲನ್ನು ಕೋರ್ಸ್ ಮಾರುವವರು ಕೊನೆಯ ಪುಟದಲ್ಲಿ ಇಡುತ್ತಾರೆ.

ಪ್ರಮಾಣಪತ್ರ

ಬೋರ್ಡ್ ಶುರುವಾದದ್ದು 1998ರಲ್ಲಿ. ಬಿಸಿಬಿಎ ಆಗಲು ಸ್ನಾತಕೋತ್ತರ ಪದವಿ, ವರ್ತನಾ ವಿಶ್ಲೇಷಣೆಯ ನಿಗದಿತ ಪಾಠಗಳು, ಮೇಲ್ವಿಚಾರಣೆಯಲ್ಲಿ ಮಾಡಿದ ಫೀಲ್ಡ್‌ವರ್ಕ್, ಕೊನೆಗೆ ಪರೀಕ್ಷೆ ಬೇಕು. ಅರ್ಜಿಗೆ 245 ಡಾಲರ್, ಪರೀಕ್ಷೆಯ ಸೀಟಿಗೆ 125 ಡಾಲರ್. ಈ ಮೊತ್ತ ನೋಡಿ ಅಗ್ಗವಾಯಿತು ಎಂದುಕೊಳ್ಳಬೇಡಿ. ಪದವಿಯ ಶುಲ್ಕ ಬೇರೆ, ಫೀಲ್ಡ್‌ವರ್ಕ್‌ಗೆ ಕೊಡುವ ಒಂದೂವರೆ ಎರಡು ವರ್ಷ ಬೇರೆ. ಪ್ರಮಾಣಪತ್ರ ಕೈಗೆ ಬಂದ ಮೇಲೂ ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ರಾಜ್ಯದ ಲೈಸೆನ್ಸ್ ಪ್ರತ್ಯೇಕವಾಗಿ ಮಾಡಿಸಬೇಕು. ಅದು ಬರುವ ತನಕ ಕಂಪನಿ ನಿಮ್ಮ ಹೆಸರಿನಲ್ಲಿ ಬಿಲ್ ಕಳಿಸಲಾಗದು. ಆದ್ದರಿಂದ ಕೆಲಸಕ್ಕೆ ಸೇರುವ ದಿನಾಂಕವನ್ನು ಪರೀಕ್ಷೆಯ ಫಲಿತಾಂಶಕ್ಕೆ ಕಟ್ಟದೆ ಲೈಸೆನ್ಸಿನ ದಿನಾಂಕಕ್ಕೆ ಕಟ್ಟಿ.

ಈ ಪ್ಯಾಕೇಜಿನ ತಿರುಳು ಫೀಲ್ಡ್‌ವರ್ಕ್. ಹೆಚ್ಚು ಜನ ಎಡವುವುದೂ ಇಲ್ಲೇ, ಅದಕ್ಕೆ ಕಾರಣ ಲೆಕ್ಕದ ಅಜಾಗರೂಕತೆ. ಎರಡು ದಾರಿಗಳಿವೆ. ಸಾಮಾನ್ಯ ಫೀಲ್ಡ್‌ವರ್ಕ್ ಆದರೆ 2,000 ಗಂಟೆ, ಅದರಲ್ಲಿ ಶೇ 5 ಸೂಪರ್‌ವಿಷನ್, ತಿಂಗಳಿಗೆ ಕನಿಷ್ಠ ನಾಲ್ಕು ಭೇಟಿ. ಕಾನ್ಸಂಟ್ರೇಟೆಡ್ ಆದರೆ 1,500 ಗಂಟೆ, ಶೇ 10 ಸೂಪರ್‌ವಿಷನ್, ತಿಂಗಳಿಗೆ ಆರು ಭೇಟಿ. ಯಾವುದಾದರೂ ತಿಂಗಳಿಗೆ 20 ಗಂಟೆಗಿಂತ ಕಡಿಮೆ ಆದರೆ ಆ ತಿಂಗಳು ಲೆಕ್ಕಕ್ಕಿಲ್ಲ, ನಿಗದಿತ ಗರಿಷ್ಠ ಮಿತಿಗಿಂತ ಹೆಚ್ಚು ಮಾಡಿದರೆ ಮೇಲಿನದ್ದು ಲೆಕ್ಕಕ್ಕಿಲ್ಲ. ಹಾಗಾಗಿ ಎಷ್ಟೇ ಓಡಿದರೂ ಕೆಲವೇ ತಿಂಗಳಲ್ಲಿ ಮುಗಿಯದು. ಎಲ್ಲವೂ ಐದು ವರ್ಷದೊಳಗೆ ಮುಗಿಯಬೇಕು.

ಶೇಕಡಾವಾರು ಹೇಗೆ ಕೈಕೊಡುತ್ತದೆ ನೋಡಿ. ಒಂದು ತಿಂಗಳು 100 ಗಂಟೆ ದುಡಿದಿರಿ, ಸೂಪರ್‌ವೈಸರ್‌ಗೆ ಬಿಡುವಾಗದೆ 4 ಗಂಟೆಯಷ್ಟೇ ಸಿಕ್ಕರು. ಶೇ 5ರ ಲೆಕ್ಕದಲ್ಲಿ 4 ಗಂಟೆ ಹೊರಬಲ್ಲದ್ದು 80 ಗಂಟೆಯನ್ನು ಮಾತ್ರ, ಉಳಿದ 20 ಗಂಟೆ ನೀರಿನಲ್ಲಿ ಹೋಯಿತು. ಭೇಟಿಗಳೇ ನಾಲ್ಕಕ್ಕಿಂತ ಕಡಿಮೆಯಾದರೆ ಇಡೀ ತಿಂಗಳೇ ಹೋಯಿತು. ಸೂಪರ್‌ವಿಷನ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಗುಂಪಿನಲ್ಲಿ ಆಗುವಂತಿಲ್ಲ. ಗುಂಪಿನಲ್ಲಿ ಹತ್ತಕ್ಕಿಂತ ಹೆಚ್ಚು ಟ್ರೈನಿಗಳು ಇರುವಂತಿಲ್ಲ. ಕ್ಲೈಂಟ್ ಜೊತೆ ನೀವು ಕೆಲಸ ಮಾಡುವುದನ್ನು ಸೂಪರ್‌ವೈಸರ್ ತಿಂಗಳಿಗೊಮ್ಮೆಯಾದರೂ ಕಣ್ಣಾರೆ ನೋಡಲೇಬೇಕು.

ಇದಕ್ಕಿಂತ ದೊಡ್ಡ ತೊಡಕು ಶೇ 60ರ ನಿಯಮ. ನೇರವಾಗಿ ಥೆರಪಿ ಕೊಡುವುದು ರಿಸ್ಟ್ರಿಕ್ಟೆಡ್ ಕೆಲಸ. ಅಸೆಸ್‌ಮೆಂಟ್, ಗ್ರಾಫ್ ಓದುವುದು, ಯೋಜನೆ ಬರೆಯುವುದು, ಸಿಬ್ಬಂದಿಗೆ ಅಥವಾ ಪೋಷಕರಿಗೆ ಕಲಿಸುವುದು ಅನ್‌ರಿಸ್ಟ್ರಿಕ್ಟೆಡ್ ಕೆಲಸ. ಒಟ್ಟು ಗಂಟೆಗಳಲ್ಲಿ ಶೇ 60 ಎರಡನೆಯದು ಇರಬೇಕು. 2,000ರಲ್ಲಿ 1,200 ಅಂತಾಯಿತು. ಆದರೆ ಹೆಚ್ಚಿನ ಟ್ರೈನಿಗಳು ಹೊಟ್ಟೆಪಾಡಿಗೆ ಆರ್‌ಬಿಟಿಯಾಗಿ, ಅಂದರೆ ಟೆಕ್ನೀಷಿಯನ್ ಆಗಿ, ದುಡಿಯುತ್ತಿರುತ್ತಾರೆ. ಅವರ ದಿನವೆಲ್ಲ ರಿಸ್ಟ್ರಿಕ್ಟೆಡ್. ಕಂಪನಿ ವಾರಕ್ಕೆ ಐದು ಗಂಟೆ ಅನ್‌ರಿಸ್ಟ್ರಿಕ್ಟೆಡ್ ಕೆಲಸ ಕೊಟ್ಟರೆ ವರ್ಷಕ್ಕೆ 260, 1,200 ಮುಟ್ಟಲು ನಾಲ್ಕೂವರೆ ವರ್ಷ ದಾಟುತ್ತದೆ. ಐದು ವರ್ಷದ ಗಡಿ ಅಲ್ಲೇ ಪಕ್ಕದಲ್ಲಿ ಕಾಯುತ್ತಿರುತ್ತದೆ. ‘ಉಚಿತ ಸೂಪರ್‌ವಿಷನ್’ ಎಂದು ಕರೆಯುವ ಕಂಪನಿಗೆ ಸೇರುವಾಗ ಉಚಿತವೇ ಎಂದು ಕೇಳಿ ತೃಪ್ತರಾಗಬೇಡಿ. ವಾರಕ್ಕೆ ಎಷ್ಟು ಗಂಟೆ ಅನ್‌ರಿಸ್ಟ್ರಿಕ್ಟೆಡ್ ಕೆಲಸವನ್ನು ಸಂಬಳ ಕೊಟ್ಟು ಮಾಡಿಸುತ್ತೀರಿ ಎಂದು ಕೇಳಿ. ವಾರಕ್ಕೆ 15 ಗಂಟೆಗಿಂತ ಕಡಿಮೆ ಎಂದರೆ ಒಂದೂವರೆ ವರ್ಷದಲ್ಲಿ ಮುಗಿಯುವ ಮಾತೇ ಇಲ್ಲ.

ನಾಯಕತ್ವದ ದೃಷ್ಟಿಯಿಂದಲೂ ಇದೇ ಗಂಟೆಗಳು ಮುಖ್ಯ. ಇನ್ನೊಬ್ಬ ಟೆಕ್ನೀಷಿಯನ್‌ಗೆ ಕಲಿಸಿದ 50 ಗಂಟೆ, ಪೋಷಕರಿಗೆ ಕಲಿಸಿದ 50 ಗಂಟೆ ಮುಂದೆ ಡೈರೆಕ್ಟರ್ ಆದಾಗ ದಿನವೂ ಬಳಕೆಗೆ ಬರುತ್ತವೆ. ಗ್ರಾಫ್‌ಗೆ ಬಣ್ಣ ತುಂಬಿ, ಪಿಕ್ಚರ್ ಕಾರ್ಡ್ ಲ್ಯಾಮಿನೇಟ್ ಮಾಡಿ ಕಳೆದ 300 ಗಂಟೆ ಬರುವುದಿಲ್ಲ. ಗಂಟೆಗಳ ದಾಖಲೆಯಲ್ಲಿ ಎರಡೂ ಒಂದೇ ಕಾಲಮ್ಮಿಗೆ ಬೀಳುತ್ತವೆ ಎಂಬುದೇ ಈ ಸರಕಿನ ದೊಡ್ಡ ದೋಷ. ತೀವ್ರ ವರ್ತನೆಯ ಕಾರಣ ಹುಡುಕುವ ಫಂಕ್ಷನಲ್ ಅನಾಲಿಸಿಸ್ ವಿಧಾನವನ್ನು ಬ್ರಯಾನ್ ಇವಾಟ ಮತ್ತು ಸಂಗಡಿಗರು 1982ರಲ್ಲೇ ಪ್ರಕಟಿಸಿದ್ದರು. ಆದರೂ ಅಂಥದ್ದೊಂದನ್ನು ಕೈಯಾರೆ ನಡೆಸದೆ 2,000 ಗಂಟೆ ಪೂರೈಸಲು ಯಾವ ನಿಯಮವೂ ಅಡ್ಡಬರುವುದಿಲ್ಲ. ನಾಳೆ ಕ್ಲಿನಿಕ್ಕಿನಲ್ಲಿ ಮಗುವೊಂದು ತಲೆ ಗೋಡೆಗೆ ಚಚ್ಚಿಕೊಳ್ಳುವಾಗ ಎಲ್ಲರೂ ತಿರುಗಿ ನೋಡುವುದು ಡೈರೆಕ್ಟರ್ ಕಡೆಗೇ. ಅದಕ್ಕೇ ಸೂಪರ್‌ವೈಸರ್ ಆರಿಸುವಾಗ, ಸಾಧ್ಯವಾದರೆ ಇಬ್ಬರನ್ನು ಇಟ್ಟುಕೊಳ್ಳಿ: ಒಬ್ಬರು ಚಿಕ್ಕ ಮಕ್ಕಳ ಭಾಷಾ ಕಲಿಕೆ ಬಲ್ಲವರು, ಇನ್ನೊಬ್ಬರು ತೀವ್ರ ವರ್ತನೆಯಲ್ಲಿ ಪಳಗಿದವರು.

ಕಾಗದಪತ್ರದ ವಿಷಯ ಚುಟುಕಾಗಿ. ತಿಂಗಳ ದೃಢೀಕರಣ ಫಾರಂಗೆ ಮುಂದಿನ ತಿಂಗಳು ಮುಗಿಯುವುದರೊಳಗೆ ಇಬ್ಬರ ಸಹಿಯೂ ಬೀಳಬೇಕು. ‘ಕೊನೆಗೆ ಒಟ್ಟಿಗೆ ಹಾಕೋಣ ಬಿಡಿ’ ಎನ್ನುವ ಸೂಪರ್‌ವೈಸರ್ ಕೆಲಸ ಬಿಟ್ಟು ಹೋದ ದಿನ ಆರು ತಿಂಗಳ ದುಡಿಮೆ ತೂಗಾಡುತ್ತದೆ. ಪ್ರತಿಗಳನ್ನು ಏಳು ವರ್ಷ ಇಟ್ಟುಕೊಳ್ಳಬೇಕು, ಅದೂ ಕಂಪನಿಯ ಡ್ರೈವ್‌ನಲ್ಲಲ್ಲ. ರಾಜೀನಾಮೆ ಕೊಟ್ಟ ಸಂಜೆಯೇ ಆ ಲಾಗಿನ್ ಬಂದ್ ಆಗುತ್ತದೆ. ಉಳಿಸಿಕೊಳ್ಳುವ ಪ್ರತಿಯಲ್ಲಿ ಕ್ಲೈಂಟ್ ಹೆಸರು ಇರಕೂಡದು.

ಪರೀಕ್ಷೆ ನ್ಯಾಯವಾಗಿದೆ, ಸುಲಭವಾಗಿಲ್ಲ. ನಾಲ್ಕು ಗಂಟೆ, 185 ಪ್ರಶ್ನೆ. ಅದರಲ್ಲಿ 175ಕ್ಕೆ ಮಾತ್ರ ಅಂಕ, ಉಳಿದ ಹತ್ತು ಪ್ರಯೋಗಕ್ಕೆ ಇಟ್ಟವು, ಯಾವುವೆಂದು ತಿಳಿಯದು. 2023ರಲ್ಲಿ ಮೊದಲ ಸಲ ಬರೆದವರಲ್ಲಿ ಶೇ 56ರಷ್ಟು ಜನ ಪಾಸಾದರು. ಮರುಪರೀಕ್ಷೆ ಬರೆದವರಲ್ಲಿ ಪಾಸಾದವರು ನಾಲ್ವರಲ್ಲಿ ಒಬ್ಬರ ಆಸುಪಾಸು. ಒಮ್ಮೆ ಫೇಲಾದವರು ಅದೇ ಅಣಕು ಪರೀಕ್ಷೆಗಳನ್ನು ಮತ್ತೆ ಮತ್ತೆ ಬಿಡಿಸಿ ಉತ್ತರ ಬಾಯಿಪಾಠ ಮಾಡುವುದು ಸಾಮಾನ್ಯ ತಪ್ಪು. ಪರೀಕ್ಷೆ ಕೇಳುವುದು ವ್ಯಾಖ್ಯೆಯನ್ನಲ್ಲ, ಹಿಂದೆಂದೂ ಕಾಣದ ಸನ್ನಿವೇಶದಲ್ಲಿ ಆ ವ್ಯಾಖ್ಯೆಯನ್ನು ಗುರುತಿಸುವ ಶಕ್ತಿಯನ್ನು. ವಿಶ್ವವಿದ್ಯಾಲಯವಾರು ಫಲಿತಾಂಶವನ್ನು ಬೋರ್ಡ್ ಪ್ರತಿವರ್ಷ ಪ್ರಕಟಿಸುತ್ತದೆ. ಪ್ರವೇಶ ಪಡೆಯುವ ಮೊದಲು ಅದನ್ನು ನೋಡದವರು ಕಣ್ಣು ಮುಚ್ಚಿ ದುಡ್ಡು ಕಟ್ಟಿದಂತೆ.

ನಮ್ಮ ವಿಷಯಕ್ಕೆ ಬೇಕಾದ ಅಂಕಿ ಮಾತ್ರ ಬೇರೆ. 2025ರ ಜನವರಿಯಿಂದ ಜಾರಿಯಲ್ಲಿರುವ ಆರನೇ ಆವೃತ್ತಿಯ ಪಠ್ಯಸೂಚಿಯಲ್ಲಿ ಸಿಬ್ಬಂದಿ ಮೇಲ್ವಿಚಾರಣೆ ಮತ್ತು ನಿರ್ವಹಣೆಗೆ ಸಿಕ್ಕಿರುವುದು ಶೇ 11. ಅಂದರೆ 175ರಲ್ಲಿ 19 ಪ್ರಶ್ನೆ. ಆ ಭಾಗವನ್ನು ಪೂರ್ತಿ ಬಿಟ್ಟರೂ ಪಾಸಾಗುವುದು ಅಸಾಧ್ಯವಲ್ಲ. ಹತ್ತು ಜನರ ತಂಡ ನಡೆಸಬೇಕಾದವರನ್ನು ಈ ಪ್ರಮಾಣಪತ್ರ ಎಷ್ಟು ಅಳೆಯುತ್ತದೆ ಎನ್ನುವುದಕ್ಕೆ ಇಷ್ಟು ಸಾಕು.

ಎಂಟು ಗಂಟೆ

ಟ್ರೈನಿಗಳಿಗೆ ಸೂಪರ್‌ವಿಷನ್ ಕೊಡಬೇಕಾದರೆ ಎಂಟು ಗಂಟೆಯ ತರಬೇತಿ ಮುಗಿಸಿರಬೇಕು. ಪ್ರಮಾಣಪತ್ರ ಸಿಕ್ಕ ಮೊದಲ ವರ್ಷದಲ್ಲಿ ಫೀಲ್ಡ್‌ವರ್ಕ್ ಟ್ರೈನಿಗಳನ್ನು ತೆಗೆದುಕೊಂಡರೆ ಅನುಭವಿ ಸೂಪರ್‌ವೈಸರ್ ಒಬ್ಬರ ಸಲಹೆಯನ್ನು ತಿಂಗಳು ತಿಂಗಳೂ ಪಡೆಯಬೇಕು. ಈ ಎರಡನೇ ನಿಯಮವೇ ಮೊದಲನೆಯದಕ್ಕಿಂತ ಬೆಲೆಯುಳ್ಳದ್ದು. ಎಂಟು ಗಂಟೆಯ ವಿಡಿಯೊದಲ್ಲಿ ತಿಳಿಯುವುದು ಫಾರಂ, ನೀತಿಸಂಹಿತೆ, ಫೀಡ್‌ಬ್ಯಾಕ್ ಕೊಡುವ ಕ್ರಮ. ನಡುಗುವ ದನಿಯಲ್ಲಿ ‘ನನಗೆ ಈ ಮಗುವಿನ ಜೊತೆ ಭಯವಾಗುತ್ತದೆ’ ಎನ್ನುವ ಟೆಕ್ನೀಷಿಯನ್‌ಗೆ ಏನು ಹೇಳಬೇಕೆಂದು ವಿಡಿಯೊ ಹೇಳದು.

ಬಿಹೇವಿಯರಲ್ ಸ್ಕಿಲ್ಸ್ ಟ್ರೈನಿಂಗ್ ಎಂಬ ನಾಲ್ಕು ಹೆಜ್ಜೆಯ ವಿಧಾನವನ್ನು ಈ ತರಬೇತಿಗಳೆಲ್ಲ ಕಲಿಸುತ್ತವೆ: ಹೇಳು, ಮಾಡಿ ತೋರಿಸು, ಮಾಡಿಸು, ತಿದ್ದು. ತಮಾಷೆಯೆಂದರೆ ತರಬೇತಿಗಳೇ ಮೊದಲ ಹೆಜ್ಜೆಗೆ ನಿಂತುಬಿಡುತ್ತವೆ. ಸ್ಲೈಡ್ ತೋರಿಸಿ, ಮಧ್ಯೆ ಮಧ್ಯೆ ಬಟನ್ ಒತ್ತಿಸಿ, ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿಸುತ್ತವೆ. ಮಾಡಿಸಿ ತಿದ್ದುವ ಲೈವ್ ತರಬೇತಿ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಆಮೇಲೆ ಎರಡು ವರ್ಷಕ್ಕೊಮ್ಮೆ ನವೀಕರಣಕ್ಕೆ 32 ಘಟಕ ನಿರಂತರ ಶಿಕ್ಷಣ ಬೇಕು. ಅದರಲ್ಲಿ ನೀತಿಗೆ 4, ಸೂಪರ್‌ವೈಸರ್ ಆಗಿದ್ದರೆ ಸೂಪರ್‌ವಿಷನ್‌ಗೆ 3. ಉಳಿದ 25ನ್ನು ಸಿಕ್ಕಸಿಕ್ಕ ಉಚಿತ ವೆಬಿನಾರ್‌ನಲ್ಲಿ ಮುಗಿಸದೆ ಸಂಸ್ಥೆಗಳಲ್ಲಿನ ವರ್ತನೆಯನ್ನು ಅಧ್ಯಯನ ಮಾಡುವ ಓಬಿಎಂ ಶಾಖೆಗೆ ಮುಡಿಪಿಟ್ಟರೆ ನಾಯಕತ್ವದ ನಿಜವಾದ ಪಠ್ಯ ಅಲ್ಲಿ ಸಿಗುತ್ತದೆ.

ಲೀಡರ್‌ಶಿಪ್ ಟ್ರ್ಯಾಕ್

ಏಣಿಯ ಮೆಟ್ಟಿಲುಗಳ ಹೆಸರು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಬಿಸಿಬಿಎ, ಲೀಡ್ ಬಿಸಿಬಿಎ, ಅಸಿಸ್ಟೆಂಟ್ ಕ್ಲಿನಿಕಲ್ ಡೈರೆಕ್ಟರ್, ಕ್ಲಿನಿಕಲ್ ಡೈರೆಕ್ಟರ್, ಅದರ ಮೇಲೆ ಪ್ರಾದೇಶಿಕ ಹುದ್ದೆಗಳು. ಹೆಸರಿನ ಹಿಂದೆ ಏನಿದೆ ಎಂದು ತಿಳಿಯಲು ಬಿಲ್ಲಿಂಗ್ ಲೆಕ್ಕ ಗೊತ್ತಿರಬೇಕು.

2019ರ ಜನವರಿಯಿಂದ ಎಬಿಎಗೆ ಕಾಯಂ ಸಿಪಿಟಿ ಕೋಡ್‌ಗಳಿವೆ, ಅಂದರೆ ವಿಮೆಗೆ ಬಿಲ್ ಮಾಡುವಾಗ ಯಾವ ಸೇವೆ ಎಂದು ತಿಳಿಸುವ ಸಂಖ್ಯೆಗಳು. 97153 ಟೆಕ್ನೀಷಿಯನ್ ಕೊಡುವ ಥೆರಪಿ, 97155 ಬಿಸಿಬಿಎ ಎದುರಿಗಿದ್ದು ಯೋಜನೆ ತಿದ್ದುವುದು, 97151 ಅಸೆಸ್‌ಮೆಂಟ್, 97156 ಪೋಷಕರ ಮಾರ್ಗದರ್ಶನ. ಎಲ್ಲವೂ 15 ನಿಮಿಷದ ಘಟಕದಲ್ಲಿ. ಇಷ್ಟರಾಚೆಗಿನ ಬಹುಪಾಲು ಕೆಲಸ, ಅಂದರೆ ಹೊಸ ಸಿಬ್ಬಂದಿಗೆ ಕ್ಲೈಂಟ್ ಇಲ್ಲದಾಗ ಕಲಿಸುವುದು, ಇನ್ನೊಬ್ಬ ಬಿಸಿಬಿಎ ಬರೆದ ಯೋಜನೆ ಓದುವುದು, ರಾಜೀನಾಮೆಗೆ ಹೊರಟವರ ಜೊತೆ ಕೂತು ಮಾತಾಡುವುದು, ಯಾವ ಕೋಡಿಗೂ ಬೀಳದು. ನಾಯಕತ್ವವೆಂದರೆ ಬಹುಮಟ್ಟಿಗೆ ಇದೇ ಕೋಡಿಲ್ಲದ ಕೆಲಸ.

ಮೊದಲು ಸಾಮಾನ್ಯ ಬಿಸಿಬಿಎಯ ಲೆಕ್ಕ ನೋಡೋಣ. ವಾರಕ್ಕೆ 28 ಗಂಟೆ ಬಿಲ್ಲಿಂಗ್ ಗುರಿ ಇದೆ, ಎಲ್ಲವೂ ಸೂಪರ್‌ವಿಷನ್ನೇ ಎಂದಿಟ್ಟುಕೊಳ್ಳಿ. ಬೋರ್ಡ್ 2014ರಲ್ಲಿ ಹೊರತಂದು ಮುಂದೆ ಸೇವಾದಾರರ ಮಂಡಳಿಯಾದ ಸಿಎಎಸ್‌ಪಿಗೆ ವಹಿಸಿಕೊಟ್ಟ ಮಾರ್ಗಸೂಚಿ, ಹತ್ತು ಗಂಟೆ ಥೆರಪಿಗೆ ಎರಡು ಗಂಟೆ ಸೂಪರ್‌ವಿಷನ್ ಸಾಮಾನ್ಯ ಮಟ್ಟ ಎನ್ನುತ್ತದೆ. ಆ ಲೆಕ್ಕದಲ್ಲಿ 28 ಗಂಟೆ 140 ಗಂಟೆ ಥೆರಪಿಯನ್ನು ನೋಡಿಕೊಳ್ಳಬಲ್ಲದು. ಮಗುವಿಗೆ ವಾರಕ್ಕೆ 20 ಗಂಟೆಯಂತೆ ಏಳು ಮಕ್ಕಳು. ಅದನ್ನೇ ಹತ್ತಕ್ಕೆ ಒಂದು ಎಂದು ಇಳಿಸಿದರೆ 280 ಗಂಟೆ, ಹದಿನಾಲ್ಕು ಮಕ್ಕಳು. ಗುರಿ ಅದೇ 28, ಹೊರೆ ಇಮ್ಮಡಿ. ‘ನಮ್ಮಲ್ಲಿ ಗುರಿ ಕೇವಲ 28’ ಎಂದು ಹೆಮ್ಮೆಪಡುವ ಕಂಪನಿಗೆ ಮುಂದಿನ ಪ್ರಶ್ನೆಯಾಗಿ ಈ ಅನುಪಾತ ಕೇಳಿ.

ಈಗ ಲೀಡ್ ಹುದ್ದೆ. ಐವರು ಬಿಸಿಬಿಎಗಳನ್ನು ನೋಡಿಕೊಳ್ಳಬೇಕು. ಒಬ್ಬೊಬ್ಬರ ಜೊತೆ ವಾರಕ್ಕೊಂದು ಗಂಟೆ ಮಾತು, ಎರಡು ವಾರಕ್ಕೊಮ್ಮೆ ಒಂದು ಗಂಟೆ ಸೆಷನ್ ವೀಕ್ಷಣೆ: ಏಳೂವರೆ ಗಂಟೆ. ಐವರ ಬಳಿ ಒಟ್ಟು 50 ಮಕ್ಕಳಿದ್ದು ಆರು ತಿಂಗಳಿಗೊಮ್ಮೆ ವಿಮಾ ಕಂಪನಿಗೆ ವರದಿ ಹೋಗುವುದಾದರೆ ವಾರಕ್ಕೆ ಎರಡು ವರದಿ ಪರಿಶೀಲನೆ, ತಲಾ ಎರಡು ಗಂಟೆಯಂತೆ ನಾಲ್ಕು. ಹೊಸ ಟೆಕ್ನೀಷಿಯನ್‌ಗಳ ಕೌಶಲ ಪರೀಕ್ಷೆಗೆ ಮೂರು. ಒಟ್ಟು ಹದಿನಾಲ್ಕೂವರೆ. ಈ ಹುದ್ದೆಗೆ ಗುರಿಯನ್ನು 28ರಿಂದ 25ಕ್ಕೆ ಇಳಿಸುತ್ತೇವೆ ಎಂದರೆ ಹನ್ನೊಂದೂವರೆ ಗಂಟೆ ನಿಮ್ಮ ರಾತ್ರಿಗಳಿಂದ ಬರಬೇಕು, ಇಲ್ಲವೇ ಕೆಲಸ ಆಗುವುದೇ ಇಲ್ಲ. ಎರಡನೆಯದೇ ಹೆಚ್ಚು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುವಂಥ ಲೀಡ್ ಹುದ್ದೆಗಳು ಹೀಗೆ ಹುಟ್ಟುತ್ತವೆ. ಗುರಿ 12-14ಕ್ಕೆ ಇಳಿದರೆ ಆ ಟ್ರ್ಯಾಕ್ ಅಸಲಿ.

ದೊಡ್ಡ ಕಂಪನಿಯಲ್ಲಿ ಮೆಟ್ಟಿಲು ಹೆಚ್ಚು, ಬಡ್ತಿ ಬೇಗ. ಆದರೆ ಏಣಿ ನಿಂತ ನೆಲವೂ ನೋಡಬೇಕು. 2018ರಲ್ಲಿ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್ ಕೊಂಡುಕೊಂಡ ಎಬಿಎ ಕಂಪನಿ ಸೆಂಟರ್ ಫಾರ್ ಆಟಿಸಂ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ 2023ರ ಜೂನ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಕ್ಲಿನಿಕ್ ಮುಚ್ಚುವಾಗ ಕುಟುಂಬಗಳನ್ನು ಬೇರೆಡೆಗೆ ದಾಟಿಸುವುದು, ಟ್ರೈನಿಗಳ ಸೂಪರ್‌ವಿಷನ್ ಕಡಿಯದಂತೆ ನೋಡಿಕೊಳ್ಳುವುದು ಹೂಡಿಕೆದಾರರ ತಲೆನೋವಲ್ಲ. ನೀತಿಸಂಹಿತೆ ಅದನ್ನು ಪ್ರಮಾಣಪತ್ರ ಹೊತ್ತವರ ಹೆಗಲಿಗೇ ಹಾಕಿದೆ.

ಕುರ್ಚಿಯ ಮೇಲೆ ಕೂತ ಮೇಲೆ

ಸರಕಿನ ಉಪಯೋಗ ಗೊತ್ತಾಗುವುದು ಬಳಸಿದಾಗ. ಕ್ಲಿನಿಕಲ್ ಡೈರೆಕ್ಟರ್ ಮುಂದೆ ಬರುವ ಒಂದು ಮಾದರಿ ಸಮಸ್ಯೆ ತೆಗೆದುಕೊಳ್ಳಿ. ನಾಲ್ಕು ವರ್ಷದ ಮಗು, ಚಿತ್ರ ನೋಡಿ ಹೆಸರು ಹೇಳುವ ಪಾಠ. ಆರು ವಾರದಿಂದ ಗ್ರಾಫ್ ಚಪ್ಪಟೆಯಾಗಿದೆ. ಬಿಸಿಬಿಎ ಯೋಜನೆ ಬದಲಿಸಲು ಹೊರಟಿದ್ದಾರೆ.

ಯೋಜನೆ ಮುಟ್ಟುವ ಮೊದಲು ಅದು ಬರೆದಂತೆ ನಡೆಯುತ್ತಿದೆಯೇ ನೋಡಬೇಕು. ಇದಕ್ಕೆ ಫಿಡೆಲಿಟಿ ಎನ್ನುತ್ತಾರೆ. ಚೆಕ್‌ಲಿಸ್ಟ್ ಹಿಡಿದು 20 ಟ್ರಯಲ್ (ಒಂದು ಪ್ರಶ್ನೆ, ಒಂದು ಉತ್ತರ ಸೇರಿದರೆ ಒಂದು ಟ್ರಯಲ್) ನೋಡಿದರೆ ಮಗು ಒಂಬತ್ತು ಸಲ ತಪ್ಪುತ್ತದೆ. ತಪ್ಪಿದಾಗ ಸರಿಯುತ್ತರ ಹೇಳಿಕೊಟ್ಟು, ಮಗುವಿನಿಂದ ಹೇಳಿಸಿ, ಮಧ್ಯೆ ಒಂದು ಗೊತ್ತಿರುವ ಚಿತ್ರ ಕೇಳಿ, ಮತ್ತೆ ಮೊದಲ ಚಿತ್ರಕ್ಕೆ ಬರಬೇಕು. ಟೆಕ್ನೀಷಿಯನ್ ಈ ನಾಲ್ಕನ್ನೂ ಮಾಡುವುದು ಒಂಬತ್ತರಲ್ಲಿ ಮೂರು ಸಲ. ಉಳಿದ ಆರು ಸಲ ಉತ್ತರ ಹೇಳಿ ಮುಂದಿನ ಕಾರ್ಡ್‌ಗೆ ಹೋಗಿಬಿಡುತ್ತಾರೆ.

ಇಲ್ಲಿ ಎಲ್ಲರ ಬಾಯಿಗೂ ಬರುವ ಮದ್ದು ‘ಮತ್ತೆ ಟ್ರೈನಿಂಗ್ ಕೊಡಿ’. ಅದಕ್ಕೂ ಮೊದಲು ಹಿಂದಿನ ಕೋಣೆಯಲ್ಲಿ ಐದು ನಿಮಿಷ ರೋಲ್ ಪ್ಲೇ ಮಾಡಿಸಿ. ಟೆಕ್ನೀಷಿಯನ್ ಹತ್ತಕ್ಕೆ ಹತ್ತು ಸಲ ಸರಿಯಾಗಿ ಮಾಡಿ ತೋರಿಸಿದರೆ ಬರುತ್ತದೆ ಆದರೆ ಮಾಡುತ್ತಿಲ್ಲ ಎಂದರ್ಥ. ಬಂದದ್ದನ್ನೇ ಮತ್ತೆ ಕಲಿಸಿದರೆ ಇಬ್ಬರ ಸಮಯವೂ ಹಾಳು, ಜೊತೆಗೆ ಅವಮಾನ. ಇಲ್ಲಿ ಕೈಗೆ ಬರಬೇಕಾದದ್ದು ಪಿಡಿಸಿ-ಎಚ್‌ಎಸ್ ಎಂಬ ಪಟ್ಟಿ, 2013ರಲ್ಲಿ ಪ್ರಕಟವಾದದ್ದು. ಕೆಲಸ ಕೆಟ್ಟಿರುವುದಕ್ಕೆ ಕಾರಣವನ್ನು ನಾಲ್ಕು ಕಡೆ ಹುಡುಕಿಸುತ್ತದೆ: ತರಬೇತಿ, ಏನು ಮಾಡಬೇಕೆಂಬ ಸ್ಪಷ್ಟತೆ ಮತ್ತು ನೆನಪಿಸುವಿಕೆ, ಸಾಮಗ್ರಿ ಮತ್ತು ಕೆಲಸದ ವ್ಯವಸ್ಥೆ, ಮಾಡಿದ್ದಕ್ಕೆ ಸಿಗುವ ಪರಿಣಾಮ ಹಾಗೂ ಪಡಬೇಕಾದ ಶ್ರಮ.

ಹಾಗೆ ಹುಡುಕಿದರೆ ಇಂಥವು ಸಿಗುತ್ತವೆ. ಗೊತ್ತಿರುವ ಚಿತ್ರಗಳ ಕಾರ್ಡ್ 60 ಕಾರ್ಡಿನ ಕಟ್ಟಿನಲ್ಲಿ ಬೆರೆತಿದೆ, ಹುಡುಕುವಷ್ಟರಲ್ಲಿ ಮಗು ಕುರ್ಚಿ ಬಿಟ್ಟಿರುತ್ತದೆ. ಗೋಡೆಯ ಮೇಲೆ ‘ಗಂಟೆಗೆ ಎಷ್ಟು ಟ್ರಯಲ್’ ಎಂಬ ಪಟ್ಟಿ ಇದೆ, ವಾರದ ಮೀಟಿಂಗ್‌ನಲ್ಲಿ ಅದನ್ನೇ ಓದಿ ಹೇಳುತ್ತಾರೆ. ತಪ್ಪು ತಿದ್ದುವುದು ಟ್ರಯಲ್ ಸಂಖ್ಯೆ ಇಳಿಸುತ್ತದೆ. ಟೆಕ್ನೀಷಿಯನ್ ಸೋಮಾರಿಯಲ್ಲ, ಕ್ಲಿನಿಕ್ ಯಾವುದಕ್ಕೆ ಶಭಾಸ್ ಎನ್ನುತ್ತದೋ ಅದನ್ನು ಮಾಡುತ್ತಿದ್ದಾರೆ. ಪರಿಹಾರ ಅಗ್ಗ: ಗೊತ್ತಿರುವ ಹತ್ತು ಕಾರ್ಡನ್ನು ಬೇರೆ ಉಂಗುರಕ್ಕೆ ಪೋಣಿಸಿ ಸೊಂಟಕ್ಕೆ ಸಿಕ್ಕಿಸುವುದು, ಗೋಡೆಯ ಪಟ್ಟಿ ತೆಗೆಯುವುದು, ವಾರಕ್ಕೆ ಎರಡು ಸಲ ಹತ್ತು ನಿಮಿಷ ನೋಡಿ ಅಲ್ಲೇ ಹೇಳುವುದು. ಎರಡು ವಾರ ಫಿಡೆಲಿಟಿ ಶೇ 90ರ ಮೇಲೆ ನಿಂತ ಬಳಿಕವೂ ಗ್ರಾಫ್ ಏಳದಿದ್ದರೆ ಆಗ ಯೋಜನೆ ಬದಲಿಸಿ.

ಈ ಹುಡುಕಾಟದ ಕಣ್ಣು ಪ್ರಮಾಣಪತ್ರದಿಂದಲೇ ಬರುತ್ತದೆ ಎಂಬುದನ್ನು ಒಪ್ಪಬೇಕು. ಮಗುವಿನ ವರ್ತನೆಗೆ ಪರಿಸರದಲ್ಲಿ ಕಾರಣ ಹುಡುಕಲು ಕಲಿತವರು ಸಿಬ್ಬಂದಿಯ ವರ್ತನೆಗೂ ಅಲ್ಲೇ ಹುಡುಕಬಲ್ಲರು. ಪ್ಯಾಕೇಜಿನ ಗಟ್ಟಿತನ ಇದು. ದೋಷವೆಂದರೆ, ಹಾಗೆ ಹುಡುಕಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ಮಗು ಮಾತು ಕೇಳದಿದ್ದರೆ ಡೇಟಾ, ಟೆಕ್ನೀಷಿಯನ್ ಕೇಳದಿದ್ದರೆ ‘ಆಟಿಟ್ಯೂಡ್ ಸರಿಯಿಲ್ಲ’ ಎನ್ನುವ ಡೈರೆಕ್ಟರ್‌ಗಳು ಈ ಕ್ಷೇತ್ರದಲ್ಲೂ ಇದ್ದಾರೆ.

ಯೋಜನೆ ಪರಿಶೀಲನೆಗೂ ಹಳೆಯದೊಂದು ಮಾನದಂಡ ಚೆನ್ನಾಗಿ ನಡೆಯುತ್ತದೆ. 1968ರಲ್ಲಿ ಬೇರ್, ವುಲ್ಫ್, ರಿಸ್ಲಿ ಮೂವರೂ ಎಬಿಎಗೆ ಏಳು ಲಕ್ಷಣ ಹೇಳಿದರು. ಅದರಲ್ಲೊಂದು, ವಿಧಾನವನ್ನು ಓದಿದ ಬೇರೆಯವರು ಹಾಗೇ ಮಾಡುವಂತೆ ಬರೆದಿರಬೇಕು ಎಂಬುದು. ಆ ಮಗುವನ್ನು ಎಂದೂ ನೋಡಿರದ ಟೆಕ್ನೀಷಿಯನ್ ಕೈಗೆ ಯೋಜನೆ ಕೊಟ್ಟು, ‘ಇದನ್ನು ನನ್ನ ಮೇಲೆ ಮಾಡಿ ತೋರಿಸಿ’ ಎನ್ನಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಬರಹ ಸೋತಿದೆ. ‘ಅಗತ್ಯವಿದ್ದಂತೆ ಪ್ರಾಂಪ್ಟ್ (ಸುಳಿವು) ಕೊಡಿ’ ಎಂಬ ಸಾಲಿನಲ್ಲಿ ತಪ್ಪದೆ ತಡವರಿಸುತ್ತಾರೆ. ಮಗುವಿನ ಒಪ್ಪಿಗೆಯ ಭಾಗವನ್ನೂ ಹೀಗೇ ಪರೀಕ್ಷಿಸಿ. ಮುಖ ತಿರುಗಿಸಿದರೆ, ಕೈ ತಳ್ಳಿದರೆ, ಅತ್ತರೆ ಟೆಕ್ನೀಷಿಯನ್ ಏನು ಮಾಡಬೇಕೆಂದು ಬರೆದಿಲ್ಲದ ಯೋಜನೆಗೆ ಸಹಿ ಹಾಕಬಾರದು. ಆಟಿಸಂ ಇರುವ ವಯಸ್ಕರು ಈ ಚಿಕಿತ್ಸೆಯ ಬಗ್ಗೆ ಎತ್ತಿರುವ ಆಕ್ಷೇಪಗಳಲ್ಲಿ ಬಹಳಷ್ಟು ಇದೇ ಖಾಲಿ ಜಾಗದಿಂದ ಬಂದವು.

ಇನ್ನೊಂದು ಕಡೆ ಡೈರೆಕ್ಟರ್ ಬೆನ್ನು ಗಟ್ಟಿಯಿರಬೇಕು: ಥೆರಪಿ ಗಂಟೆಗಳ ಶಿಫಾರಸು. ಮಗುವಿಗೆ 12 ಗಂಟೆ ಸಾಕು ಎಂದು ಅಸೆಸ್‌ಮೆಂಟ್ ಹೇಳುವಾಗ ಕಾರ್ಯನಿರ್ವಹಣಾ ವಿಭಾಗ 30 ಕೇಳುತ್ತದೆ. 30 ಬೇಕಾದ ಮಗುವಿಗೆ ಸಿಬ್ಬಂದಿ ಇಲ್ಲವೆಂದು 10ಕ್ಕೆ ಬರೆಯಲು ಕೇಳುವುದೂ ಉಂಟು. ಕಡತದಲ್ಲಿ ಶಿಫಾರಸು ಒಂದು ಸಾಲಿನಲ್ಲಿ, ನಿಜಕ್ಕೂ ಕೊಡಲಾದದ್ದು ಮತ್ತು ಯಾಕೆ ಎಂಬುದು ಇನ್ನೊಂದು ಸಾಲಿನಲ್ಲಿ ಇರಬೇಕು. ಎರಡನ್ನೂ ಬೆರೆಸಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಸಹಿ ಹಾಕಿದವರು. 2022ರ ಜನವರಿಯಿಂದ ಜಾರಿಯಲ್ಲಿರುವ ನೀತಿಸಂಹಿತೆಯ 4.03 ಕೂಡ ಇಲ್ಲಿ ಕೈಹಿಡಿಯುತ್ತದೆ: ಪರಿಣಾಮಕಾರಿಯಾಗಿ ನೋಡಿಕೊಳ್ಳಲು ಆಗುವಷ್ಟು ಜನರನ್ನಷ್ಟೇ ಸೂಪರ್‌ವಿಷನ್‌ಗೆ ತೆಗೆದುಕೊಳ್ಳಬೇಕು. ‘ಇನ್ನಿಬ್ಬರನ್ನು ಸೇರಿಸಿಕೊಳ್ಳಿ’ ಎಂದಾಗ ಬಾಯಿಮಾತಿನ ಜಗಳ ಬೇಡ. ಮೇಲೆ ಮಾಡಿದ ಹದಿನಾಲ್ಕೂವರೆ ಗಂಟೆಯ ಲೆಕ್ಕದಂಥ ಒಂದು ಹಾಳೆ, 4.03ರ ಉಲ್ಲೇಖ, ಇಮೇಲ್.

ಯಾರು ಕೊಳ್ಳಬೇಕು? ಇನ್ನೊಬ್ಬರ ಕೆಲಸವನ್ನು ಹತ್ತು ನಿಮಿಷ ಸುಮ್ಮನೆ ಕೂತು ನೋಡುವ ತಾಳ್ಮೆ ಇರುವವರು. ಮಕ್ಕಳ ಜೊತೆ ನೆಲದ ಮೇಲೆ ಕೂರುವುದೇ ಇಷ್ಟ, ಮೀಟಿಂಗ್ ಕಂಡರೆ ಆಗದು ಎನ್ನುವವರು ಬಿಸಿಬಿಎಯಲ್ಲೇ ನಿಂತರೆ ನಷ್ಟವೇನಿಲ್ಲ, ಒಳ್ಳೆಯ ಕ್ಲಿನಿಕ್‌ಗಳು ಅಂಥವರಿಗೂ ಹಿರಿತನದ ಹುದ್ದೆ ಇಟ್ಟಿರುತ್ತವೆ. ಪಿಎಚ್‌ಡಿ ಮಾಡಿದರೆ ಸಿಗುವ ಬಿಸಿಬಿಎ-ಡಿ ಕೂಡ ಪ್ರತ್ಯೇಕ ಪ್ರಮಾಣಪತ್ರವಲ್ಲ, ಹೆಸರಿಗೊಂದು ಅಕ್ಷರ ಸೇರುತ್ತದೆ, ಹೊಸ ಅಧಿಕಾರ ಬರದು. ನಾಯಕತ್ವಕ್ಕಾಗಿಯೇ ಆ ದಾರಿ ಹಿಡಿಯಬೇಕಾಗಿಲ್ಲ.

ಆಫರ್ ಲೆಟರ್ ಬಂದಾಗ ಐದು ಉತ್ತರಗಳನ್ನು ಬರಹದಲ್ಲಿ ತರಿಸಿಕೊಳ್ಳಿ. ಹೊಸ ಹುದ್ದೆಯ ವಾರದ ಬಿಲ್ಲಿಂಗ್ ಗುರಿ ಎಷ್ಟು. ಸೂಪರ್‌ವಿಷನ್ ಅನುಪಾತ ಎಷ್ಟು. ಥೆರಪಿ ಗಂಟೆಗಳ ಬಗ್ಗೆ ಕೊನೆಯ ಮಾತು ಕ್ಲಿನಿಕಲ್‌ನವರದೋ ಕಾರ್ಯನಿರ್ವಹಣೆಯವರದೋ. ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಟೆಕ್ನೀಷಿಯನ್‌ಗಳು ಬಿಟ್ಟರು. ಹಿಂದೆ ಈ ಕುರ್ಚಿಯಲ್ಲಿ ಇದ್ದವರು ಯಾಕೆ ಹೋದರು. ಟ್ರೈನಿಯಾಗಿ ಸೇರುವವರು ಆರನೆಯದೊಂದನ್ನು ಸೇರಿಸಿ: ಮಧ್ಯದಲ್ಲಿ ಬಿಟ್ಟರೆ ಸೂಪರ್‌ವಿಷನ್ ವೆಚ್ಚ ವಾಪಸ್ ಕೊಡಬೇಕೇ, ಕೊಡಬೇಕೆಂದರೆ ಗಂಟೆಗೆ ಎಷ್ಟು, ಕಂಪನಿಯೇ ಕ್ಲಿನಿಕ್ ಮುಚ್ಚಿದರೂ ಕೊಡಬೇಕೇ. ಈ ಕೊನೆಯ ವಾಕ್ಯ ಕರಾರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸಹಿಗೆ ಮೊದಲು ಕೇಳಿದರೆ ಸೇರಿಸುತ್ತಾರೆ.